ಮಕ್ಕಳ ಮಿದುಳಿನ ತರಂಗಲೇಖ: ಅದರ ಉಪಯೋಗ ಮತ್ತು ಮಿತಿ

ಮಿದುಳಿನ ಜೀವಕೋಶಗಳು ಕಾರ್ಯನಿರತವಾಗಿರುವಾಗ ಅತ್ಯಲ್ಪ ಪ್ರಮಾಣದ ವಿದ್ಯುತ್ತು ಉಂಟಾಗುತ್ತದೆ. ಅದನ್ನು ಸಹಸ್ರಾರು ಪಾಲು ವರ್ಧಿಸಿ ಅಲೆಗಳ ರೂಪದಲ್ಲಿ ಬರೆದಿಡುವುದೇ ಮಿದುಳಿನ ತರಂಗಲೇಖ. ಆಸ್ಪತ್ರೆಗಳಲ್ಲಿ ಇದಕ್ಕೆ ಇ.ಇ.ಜಿ. ಎಂಬ ಹೆಸರು ರೂಢಿಯಲ್ಲಿದೆ. ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರನು 1924ರಲ್ಲಿ ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲು ದಾಖಲಿಸಿ, 1929ರಲ್ಲಿ ಅದನ್ನು ಪ್ರಕಟಿಸಿದನು.

ಪರೀಕ್ಷೆಯ ವಿಧಾನ ಸರಳವಾದುದು. ಮಗುವಿನ ತಲೆಯ ಮೇಲೆ ಗೊತ್ತಾದ ಸ್ಥಾನಗಳಲ್ಲಿ ಸುಮಾರು ಇಪ್ಪತ್ತು ಪುಟ್ಟ ಲೋಹದ ಬಿಲ್ಲೆಗಳನ್ನು ಅಂಟಿಸುತ್ತಾರೆ. ಇವು ವಿದ್ಯುತ್ತನ್ನು ಗ್ರಹಿಸುತ್ತವೆಯೇ ಹೊರತು ದೇಹದೊಳಕ್ಕೆ ಹಾಯಿಸುವುದಿಲ್ಲ. ಆದುದರಿಂದ ನೋವಿಗಾಗಲಿ ಅಪಾಯಕ್ಕಾಗಲಿ ಆಸ್ಪದವಿಲ್ಲ. ಎಚ್ಚರ, ನಿದ್ರೆ ಎರಡನ್ನೂ ದಾಖಲಿಸುವುದು ಮೇಲು. ಕೆಲವು ದೋಷಗಳು ನಿದ್ರೆಯಲ್ಲಿ ಮಾತ್ರ ತಲೆದೋರುತ್ತವೆ.

ತರಂಗಲೇಖವನ್ನು ಓದುವವನು ಮೊದಲು ಕೇಳಬೇಕಾದುದು ಮಗುವಿನ ವಯಸ್ಸು. ಎಚ್ಚರದಲ್ಲಿ ಕಣ್ಣು ಮುಚ್ಚಿದಾಗ ತಲೆಯ ಹಿಂಭಾಗದಲ್ಲಿ ಕಾಣುವ ಅಲೆಗಳು ನಾಲ್ಕು ತಿಂಗಳ ಕೂಸಿನಲ್ಲಿ ಸೆಕೆಂಡಿಗೆ ಸುಮಾರು 4. ಒಂದು ವರ್ಷಕ್ಕೆ 5ರಿಂದ 6. ಮೂರು ವರ್ಷಕ್ಕೆ 8. ಹದಿಹರೆಯದ ವೇಳೆಗೆ 10ರ ಸಮೀಪ. ಎಚ್ಚೆತ್ತಿರುವ ವಯಸ್ಕನಲ್ಲಿ ರೋಗಲಕ್ಷಣವೆನಿಸುವ ಮಂದಗತಿಯು ಒಂದು ವರ್ಷದ ಮಗುವಿನಲ್ಲಿ ಆರೋಗ್ಯದ ಗುರುತು.

ಕೆಲವು ರೋಗಗಳಲ್ಲಿ ಈ ಲೇಖದ ಸಾಕ್ಷ್ಯ ಬಹು ಸ್ಪಷ್ಟ. ಪಾಠ ಓದುತ್ತಿದ್ದ ಮಗುವೊಂದು ಥಟ್ಟನೆ ನಿಂತು, ಹತ್ತು ಸೆಕೆಂಡು ಶೂನ್ಯದೃಷ್ಟಿಯಿಂದ ನೋಡಿ, ಏನೂ ಆಗದಂತೆ ಓದನ್ನು ಮುಂದುವರಿಸಬಹುದು. ಉಪಾಧ್ಯಾಯರು ಇದನ್ನು ಅಲಕ್ಷ್ಯವೆಂದು ಬಗೆದು ಮಗುವನ್ನು ದಂಡಿಸುವುದುಂಟು. ಅದೇ ಮಗುವಿನಿಂದ ಮೂರು ನಿಮಿಷ ದೀರ್ಘವಾಗಿ ಉಸಿರಾಡಿಸಿದರೆ, ಸೆಕೆಂಡಿಗೆ ಮೂರರಂತೆ ಮೊನಚು ಹಾಗೂ ಅಲೆಗಳ ಜೋಡಿಗಳು ಸಾಲುಗಟ್ಟಿ ಬರುವುದನ್ನು ಕಾಣಬಹುದು. ಅಪಸ್ಮಾರದ ಈ ಬಗೆಯ ಚಿತ್ರವನ್ನು ಗಿಬ್ಸ್, ಡೇವಿಸ್ ಮತ್ತು ಲೆನಾಕ್ಸ್ 1935ರಲ್ಲಿ ವಿವರಿಸಿದರು.

ಇನ್ನೊಂದು ನಿದರ್ಶನ ಮತ್ತಷ್ಟು ಗಂಭೀರವಾದುದು. ವಿಲಿಯಂ ವೆಸ್ಟ್ ಎಂಬ ಆಂಗ್ಲ ವೈದ್ಯನು 1841ರಲ್ಲಿ ತನ್ನ ಮಗುವಿನಲ್ಲಿ ಕಂಡು ವರ್ಣಿಸಿದ ರೋಗವಿದು. ಕೂಸು ಪದೇ ಪದೇ ಕತ್ತನ್ನು ಬಾಗಿಸಿ, ಕೈಕಾಲು ಸೆಟೆದು ಬೆಚ್ಚುತ್ತದೆ. ಮನೆಯವರು ಹೊಟ್ಟೆನೋವೆಂದೋ ಬರಿಯ ಬೆಚ್ಚುವಿಕೆಯೆಂದೋ ತಿಳಿದು ಕಾಯುವುದು ಸಹಜ. ಆದರೆ ತರಂಗಲೇಖದಲ್ಲಿ ಕ್ರಮವೆಂಬುದೇ ಇರದೆ, ಎತ್ತರದ ಅಲೆಗಳು ಅಸ್ತವ್ಯಸ್ತವಾಗಿ ತುಂಬಿರುತ್ತವೆ. ಇಲ್ಲಿ ಚಿಕಿತ್ಸೆ ತಡವಾದಷ್ಟೂ ಬುದ್ಧಿಯ ಬೆಳವಣಿಗೆಗೆ ಕುಂದು ಹೆಚ್ಚು.

ಹಾಗೆಂದು ಲೇಖವೇ ಅಂತಿಮ ತೀರ್ಪಲ್ಲ. ಒಮ್ಮೆ ತೆಗೆದ ಲೇಖವು ಅಪಸ್ಮಾರವಿರುವ ಅನೇಕ ಮಕ್ಕಳಲ್ಲಿಯೂ ನಿರ್ದೋಷವಾಗಿ ಕಾಣುತ್ತದೆ. ದಕ್ಷಿಣ ಕರ್ಣಾಟಕದಲ್ಲಿ ವಿಶೇಷವಾಗಿ ಕಂಡುಬರುವ ಬಿಸಿನೀರಿನ ಅಪಸ್ಮಾರವೇ ಇದಕ್ಕೆ ಸಾಕ್ಷಿ: ತಲೆಯ ಮೇಲೆ ಬಿಸಿನೀರು ಹುಯ್ದಾಗ ಸೆಳವು ಬರುವ ಈ ಮಕ್ಕಳಲ್ಲಿ ಉಳಿದ ವೇಳೆಯ ಲೇಖ ಬಹುಮಟ್ಟಿಗೆ ಸಹಜವಾಗಿರುತ್ತದೆ. ಸ್ನಾನದ ವೇಳೆ ಏನಾಯಿತೆಂಬ ತಾಯಿಯ ಮಾತೇ ಇಲ್ಲಿ ರೋಗನಿರ್ಣಯಕ್ಕೆ ಆಧಾರ. ಇದಕ್ಕೆ ವಿರುದ್ಧವಾಗಿ, ಎಂದೂ ಸೆಳವು ಬಾರದ ಆರೋಗ್ಯವಂತ ಮಕ್ಕಳಲ್ಲಿ ಕೆಲವರ ಲೇಖದಲ್ಲಿ ಮೊನಚು ಅಲೆಗಳು ಕಾಣುತ್ತವೆ. ಅಂಥ ಮಗುವಿಗೆ ಲೇಖವನ್ನಷ್ಟೇ ನೋಡಿ ವರ್ಷಗಟ್ಟಲೆ ಔಷಧ ಕೊಡುವುದು ಅನ್ಯಾಯ. ಜ್ವರದೊಡನೆ ಒಮ್ಮೆ ಅಲ್ಪಕಾಲ ಸೆಳವು ಬಂದು ಪೂರ್ಣ ಚೇತರಿಸಿಕೊಂಡ ಮಗುವಿಗೆ ಸಾಮಾನ್ಯವಾಗಿ ಈ ಪರೀಕ್ಷೆಯೇ ಅನಾವಶ್ಯಕ.

ಆದುದರಿಂದ ತರಂಗಲೇಖವು ವೈದ್ಯನ ಪ್ರಶ್ನೆಗೆ ಉತ್ತರ ನೀಡಬಲ್ಲುದೇ ಹೊರತು, ಪ್ರಶ್ನೆಯನ್ನು ತಾನೇ ರಚಿಸಲಾರದು. ಮಗುವಿನ ವಯಸ್ಸು, ಬೆಳವಣಿಗೆ, ಸೆಳವನ್ನು ಕಣ್ಣಾರೆ ಕಂಡವರ ವರದಿ ಇವುಗಳೊಡನೆ ಇಟ್ಟು ಓದಿದಾಗಲೇ ಅದರ ಗೆರೆಗಳಿಗೆ ಅರ್ಥವುಂಟು.