ಹೊಸ ಬಟನ್, ಹಳೇ ಬಾಡಿ

ಮೇ ಕೊನೆಗೆ ನಾಲ್ಕು ಮಳೆ ಬಿದ್ದರೆ ಸಾಕು, ಮೂಡಿಗೆರೆ, ಸಕಲೇಶಪುರದ ಕಡೆ ಜೀಪ್ ಇಟ್ಟುಕೊಂಡವರ ಬಾಯಲ್ಲೆಲ್ಲ ಟೈರಿನದೇ ಮಾತು. ಬೇಸಿಗೆಯಿಡೀ ಸವೆದ ಟೈರಿನಲ್ಲೇ ತೋಟದ ಏರು ಹತ್ತುತ್ತಿದ್ದ ಗಾಡಿ, ಜೇಡಿಮಣ್ಣು ನೆಂದ ಮಾರನೇ ದಿನ ಅರ್ಧ ಏರಿನಲ್ಲಿ ನಿಂತು ಅಡ್ಡಡ್ಡ ಜಾರತೊಡಗುತ್ತದೆ. ಆಗ ಬೇಕಾಗುವುದು ನಾವು ಬಟನ್ ಟೈರ್ ಅನ್ನುವ, ದಪ್ಪ ದಪ್ಪ ಗುಬುಟುಗಳ ಟೈರ್. ಹೊಸದು ನಾಲ್ಕು ತಗೊಂಡರೆ ಸಣ್ಣ ಬೆಳೆಗಾರನ ಕಾಫಿ ದುಡ್ಡಿನಲ್ಲಿ ದೊಡ್ಡ ತೂತು ಬೀಳುತ್ತದೆ. ಅದೇ ಅಂಗಡಿಯ ಇನ್ನೊಂದು ಮೂಲೆಯಲ್ಲಿ ರೀಮೋಲ್ಡ್ ಬಟನ್ ಟೈರುಗಳು ಕಪ್ಪಗೆ ಮಿಂಚುತ್ತ ಒಂದರ ಮೇಲೊಂದು ಕೂತಿರುತ್ತವೆ. ಹೊಸದರ ಅರ್ಧ ಬೆಲೆಗೋ, ಅದಕ್ಕೂ ಕಡಿಮೆಗೋ ಸಿಗುತ್ತವೆ. ಅವನ್ನು ತಗೋಬಹುದಾ ಎಂದು ಕೇಳುವವರು ಬಹಳ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮದೇ ಗಾಡಿಯಲ್ಲಿ ಓಡಿದ, ನೀವೇ ಹವಾ ನೋಡಿಕೊಂಡ ಟೈರನ್ನು ಕೊಟ್ಟು ಬಟನ್ ಹಾಕಿಸಿಕೊಳ್ಳುವುದಾದರೆ ಧಾರಾಳವಾಗಿ ಮಾಡಿಸಿ. ಎಲ್ಲಿಂದ ಬಂತೋ, ಎಷ್ಟು ವರ್ಷದ್ದೋ ಗೊತ್ತಿಲ್ಲದ ಟೈರಿನ ಮೇಲೆ ಎಷ್ಟೇ ಚೆಂದದ ಬಟನ್ ಕೂರಿಸಿದ್ದರೂ ಅದು ತೋಟದ ಗೇಟಿನ ಒಳಗೆ ಮಾತ್ರ ಓಡಾಡುವ ಗಾಡಿಗೆ ಆದೀತು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಶಿರಾಡಿ ಘಾಟ್ ಇಳಿಯುವ ಗಾಡಿಗೆ ಬೇಡವೇ ಬೇಡ.

ಯಾಕೆ ಅಂದರೆ, ಟೈರಿನಲ್ಲಿ ಎರಡು ಭಾಗ. ನೆಲಕ್ಕೆ ತಾಗಿ ಸವೆಯುವ ಮೇಲಿನ ರಬ್ಬರ್ ಒಂದು. ಅದರ ಒಳಗೆ ನೈಲಾನ್ ದಾರದ ಪದರಗಳು, ರೇಡಿಯಲ್ ಆದರೆ ಉಕ್ಕಿನ ತಂತಿಯ ಬೆಲ್ಟು, ಡಿಸ್ಕಿಗೆ ಕಚ್ಚಿಕೊಳ್ಳುವ ಬೀಡು ಎಲ್ಲ ಸೇರಿದ ಮೈಕಟ್ಟು ಇನ್ನೊಂದು. ಇದನ್ನೇ ಅಂಗಡಿಯವರು ಬಾಡಿ ಅಥವಾ ಕೇಸಿಂಗ್ ಅನ್ನುತ್ತಾರೆ. ಗಾಳಿಯ ಒತ್ತಡ ತಡೆಯುವುದು, ಭಾರ ಹೊರುವುದು ಎಲ್ಲ ಈ ಬಾಡಿಯ ಕೆಲಸ. ಮೇಲಿನ ರಬ್ಬರ್ ಸವೆದುಹೋದಾಗ ಬಾಡಿಯಲ್ಲಿ ಇನ್ನೂ ಸಾಕಷ್ಟು ಆಯುಸ್ಸು ಉಳಿದಿರುತ್ತದೆ. ಗೋಡೆ ಗಟ್ಟಿಯಾಗಿರುವ ಮನೆಗೆ ಹೆಂಚು ಮಾತ್ರ ಹೊಸದಾಗಿ ಹೊದಿಸಿದ ಹಾಗೆ, ಬಾಡಿ ಉಳಿಸಿಕೊಂಡು ಮೇಲಿನದನ್ನು ಮಾತ್ರ ಹೊಸದು ಮಾಡುವುದೇ ರಿಸೋಲ್, ರೀಟ್ರೆಡ್, ರೀಮೋಲ್ಡ್ ಎಲ್ಲದರ ಹುರುಳು.

ಹಳೇ ಟೈರನ್ನು ಕಬ್ಬಿಣದ ಹಾಗೆ ಕರಗಿಸಿ ಮತ್ತೆ ಎರಕ ಹೊಯ್ಯಬಾರದೇ ಎಂದು ಕೇಳುವವರೂ ಇದ್ದಾರೆ. ಆಗುವುದಿಲ್ಲ. ರಬ್ಬರಿಗೆ ಗಂಧಕ ಬೆರೆಸಿ ಬಿಸಿ ಮಾಡಿದರೆ ಅದು ಬೇಸಿಗೆಗೆ ಅಂಟಾಗದೆ, ಚಳಿಗೆ ಬಿರಿಯದೆ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಹಾಗೆ ಬೆಂದ ರಬ್ಬರ್ ಮತ್ತೆ ಕರಗುವುದಿಲ್ಲ, ಸುಟ್ಟುಹೋಗುತ್ತದೆ ಅಷ್ಟೆ. ಹಾಗಾಗಿ ಇದ್ದ ಬಾಡಿಗೇ ಹೊಸ ರಬ್ಬರ್ ಬೇಯಿಸಿ ಅಂಟಿಸಬೇಕು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಮಲಯಾ ಹಿಡಿದುಕೊಂಡು ರಬ್ಬರ್ ಸಿಗದಂತಾದಾಗ ಅಮೆರಿಕದಂಥ ದೇಶವೂ ಟೈರಿಗೆ ರೇಷನ್ ಹಾಕಿ, ಹಳೇ ಟೈರಿಗೇ ರಬ್ಬರ್ ಕಟ್ಟಿಸಿಕೊಂಡು ಓಡಿಸಿತು.

ಕೆಲಸ ಹೇಗೆ ನಡೆಯುತ್ತದೆ ಎಂದು ಹಾಸನದ ಒಂದು ರಿಸೋಲ್ ಅಂಗಡಿಯಲ್ಲಿ ಕೂತು ನೋಡಿದ್ದೇನೆ. ಸುಟ್ಟ ರಬ್ಬರಿನ ವಾಸನೆಗೆ ಮೊದಲು ಗಂಟಲು ಹಿಡಿಯುತ್ತದೆ, ಆಮೇಲೆ ಒಗ್ಗಿಹೋಗುತ್ತದೆ. ಟೈರನ್ನು ಅಗಲಿಸಿ ಹಿಡಿಯುವ ಯಂತ್ರಕ್ಕೆ ಏರಿಸಿ, ಹುಡುಗನೊಬ್ಬ ಒಳಗೆ ಬಲ್ಬ್ ಇಳಿಬಿಟ್ಟು, ಬರಿಗೈಯನ್ನು ಒಳಗೋಡೆಯ ಮೇಲೆ ನಿಧಾನವಾಗಿ ಆಡಿಸುತ್ತ ಸುತ್ತು ಬರುತ್ತಾನೆ. ಕಣ್ಣಿಗಿಂತ ಬೆರಳೇ ಅಲ್ಲಿ ಹೆಚ್ಚು ನೋಡುತ್ತದೆ. ಎಲ್ಲಾದರೂ ಸುಕ್ಕು, ಉಬ್ಬು, ದಾರ ಎದ್ದ ತರಿ ಸಿಕ್ಕಿದರೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾನೆ. ಒಳಗೋಡೆಯಲ್ಲಿ ಸುತ್ತಲೂ ಕರಿ ಪಟ್ಟಿಯಂಥ ಉಜ್ಜಿದ ಗುರುತು ಇದ್ದರೆ ಆ ಟೈರು ಹವಾ ಇಲ್ಲದೆ ಓಡಿದೆ ಎಂದರ್ಥ. ಅದನ್ನು ಅವನು ಪಕ್ಕಕ್ಕೆ ಉರುಳಿಸಿಬಿಡುತ್ತಾನೆ, ಯಾರ ಶಿಫಾರಸ್ಸೂ ನಡೆಯುವುದಿಲ್ಲ.

ಪಾಸಾದ ಟೈರು ಬಫಿಂಗ್ ಯಂತ್ರಕ್ಕೆ ಹೋಗುತ್ತದೆ. ಗಾಳಿ ತುಂಬಿ ತಿರುಗಿಸುತ್ತಾರೆ. ಹಲ್ಲುಹಲ್ಲಿನ ಚಕ್ರವೊಂದು ಹಳೇ ರಬ್ಬರನ್ನು ತುರಿದು ತೆಗೆಯುತ್ತದೆ. ಮೊಳೆ ಹೊಕ್ಕ ತೂತು, ಕಲ್ಲು ಕುಯ್ದ ಗಾಯ ಒಂದೊಂದನ್ನೂ ಕೆರೆದು, ತುಕ್ಕು ಹಿಡಿದ ತಂತಿ ಇದ್ದರೆ ಕತ್ತರಿಸಿ, ಹಸಿ ರಬ್ಬರ್ ತುಂಬುತ್ತಾರೆ. ಮೇಲೆ ಸಲ್ಯೂಷನ್ ಬಳಿದು, ತೆಳ್ಳನೆಯ ಹಸಿ ರಬ್ಬರಿನ ಹಾಳೆ ಹೊದಿಸುತ್ತಾರೆ. ಇಲ್ಲಿಂದ ಮುಂದೆ ದಾರಿ ಎರಡು.

ಕೋಲ್ಡ್ ರಿಸೋಲಿನಲ್ಲಿ ಡಿಸೈನ್ ಸಮೇತ ಮೊದಲೇ ಬೇಯಿಸಿದ ರಬ್ಬರ್ ಪಟ್ಟಿ ಸುತ್ತಿ, ರಬ್ಬರ್ ಚೀಲದಂಥ ಕವಚ ತೊಡಿಸಿ, ದೊಡ್ಡ ಕುಕ್ಕರಿನ ಹಾಗಿರುವ ಚೇಂಬರಿನಲ್ಲಿ ಒತ್ತಡ ಕೊಟ್ಟು ಸುಮಾರು 100 ಡಿಗ್ರಿಯ ಶಾಖದಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಕೋಲ್ಡ್ ಅಂದರೂ ತಣ್ಣಗೇನೂ ಅಲ್ಲ. ಈ ವಿಧಾನ ಹುಟ್ಟಿದ್ದು ಜರ್ಮನಿಯಲ್ಲಿ, ಬರ್ನಾರ್ಡ್ ನೊವಾಕ್ ಎಂಬವರ ಕೈಯಲ್ಲಿ. ಅಮೆರಿಕದ ರಾಯ್ ಕಾರ್ವರ್ 1957ರಲ್ಲಿ ಅದರ ಹಕ್ಕು ಕೊಂಡು ಬ್ಯಾಂಡಾಗ್ ಎಂಬ ಹೆಸರಲ್ಲಿ ಜಗತ್ತಿಗೆಲ್ಲ ಹರಡಿದರು. ಲಾರಿ, ಬಸ್ಸುಗಳಿಗೆ ಇದೇ ಹೆಚ್ಚು. ಹಾಟ್ ವಿಧಾನದಲ್ಲಿ ಹಸಿ ರಬ್ಬರನ್ನು ಸುತ್ತಿ, ಉಕ್ಕಿನ ಅಚ್ಚಿನೊಳಗೆ ಕೂರಿಸಿ, 150 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಅಚ್ಚಿನ ಬಟನ್ ಟೈರಿಗೆ ಮೂಡುವುದು ಆಗಲೇ. ಬೀಡಿನಿಂದ ಬೀಡಿನವರೆಗೆ, ಸೈಡ್‌ವಾಲಿಗೂ ತೆಳ್ಳಗೆ ಹೊಸ ರಬ್ಬರ್ ಹೊದಿಸಿ ಬೇಯಿಸಿದ್ದೇ ನಾವು ಅಂಗಡಿಯಲ್ಲಿ ನೋಡುವ ರೀಮೋಲ್ಡ್. ಬಟನ್ ಟೈರಿಗೆ ಇದು ಹೊಂದುತ್ತದೆ, ಯಾಕೆಂದರೆ ಗುಬುಟುಗಳು ಭುಜ ದಾಟಿ ಪಕ್ಕಕ್ಕೂ ಇಳಿದಿರಬೇಕು. ಜೀಪು ಗುಂಡಿಯೊಳಗೆ ಕೂತಾಗ ದಂಡೆಯನ್ನು ಕಚ್ಚಿ ಮೇಲೆ ಎಳೆಯುವುದು ಆ ಪಕ್ಕದ ಗುಬುಟುಗಳೇ.

ರೀಮೋಲ್ಡಿನ ಅನುಕೂಲ ಇದಾದರೆ ಕಷ್ಟವೂ ಅಲ್ಲೇ ಇದೆ. ಸೈಡ್‌ವಾಲ್ ಪೂರ್ತಿ ಹೊಸ ರಬ್ಬರಿನ ಕೆಳಗೆ ಮುಚ್ಚಿಹೋದ ಮೇಲೆ ಹಳೇ ಬಿರುಕು ಕಾಣುವುದಿಲ್ಲ, ಎಷ್ಟೋ ಸಲ ತಯಾರಾದ ತಾರೀಕೂ ಅಳಿಸಿಹೋಗಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಅದೇ ಇಲ್ಲದ ಮೇಲೆ ಹೊಸ ಬಟನ್ ಅಡಿಯ ಬಾಡಿ ಮೂರು ವರ್ಷದ್ದೋ ಹನ್ನೆರಡು ವರ್ಷದ್ದೋ ಹೇಳುವವರು ಯಾರು? ಹಾಸನದ ಆ ರಿಸೋಲ್ ಅಂಗಡಿಯ ಯಜಮಾನರು ನನಗೆ ಹೇಳಿದ ಮಾತು: “ಗೌಡ್ರೇ, ರಬ್ಬರ್ ಎಷ್ಟು ಬೇಕಾದ್ರೂ ನಾನು ಹಾಕ್ತೀನಿ. ಬಾಡಿ ಸತ್ತಿದ್ರೆ ಚಿನ್ನ ಸುತ್ತಿದ್ರೂ ನಿಲ್ಲಲ್ಲ.”

ರಿಸೋಲ್ ಅಂದರೆ ಕಳಪೆ ಎಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ವಿಮಾನ ನೆಲ ಮುಟ್ಟುವುದೂ ಎಷ್ಟೋ ಸಲ ರೀಟ್ರೆಡ್ ಆದ ಟೈರಿನ ಮೇಲೇ. ನಾವು ದಿನಾ ಹತ್ತುವ ಸರ್ಕಾರಿ ಬಸ್ಸುಗಳ ಸಾರಿಗೆ ನಿಗಮಗಳೂ ರೀಟ್ರೆಡ್ ಮಾಡಿಸಿದ ಟೈರುಗಳನ್ನು ಓಡಿಸುತ್ತವೆ. ಹೆದ್ದಾರಿಯಲ್ಲಿ ಚಪ್ಪಟೆ ಬಿದ್ದಿರುವ ಟೈರ್ ಚೂರುಗಳನ್ನು ನೋಡಿದಾಗಲೆಲ್ಲ ಜನ ರಿಸೋಲ್ ಕಿತ್ತುಹೋಗಿದೆ ಅನ್ನುತ್ತಾರೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಗಾಗಿ ಮಿಷಿಗನ್ ವಿಶ್ವವಿದ್ಯಾಲಯದವರು ಇಂಥ ಚೂರುಗಳನ್ನೇ ಆಯ್ದು ಪರೀಕ್ಷಿಸಿ 2008ರಲ್ಲಿ ವರದಿ ಕೊಟ್ಟರು. ಹೊಸ ಟೈರಿನ ಚೂರೂ ಅದರಲ್ಲಿತ್ತು, ರೀಟ್ರೆಡ್ಡಿನದೂ ಇತ್ತು. ಬಹುಪಾಲು ಕಾರಣ ರಸ್ತೆಯಲ್ಲಿ ತಾಗಿದ ಪೆಟ್ಟು, ವಿಪರೀತ ಶಾಖ, ಸರಿಯಾಗಿ ನೋಡಿಕೊಳ್ಳದಿರುವುದು. ರಬ್ಬರ್ ಅಂಟಿಸಿದ ಕೆಲಸದ ದೋಷ ಮುಖ್ಯ ಕಾರಣವಾಗಿರಲಿಲ್ಲ. ಆದರೂ ಅದೇ ಅಮೆರಿಕದಲ್ಲಿ ಬಸ್ಸಿನ ಮುಂದಿನ ಚಕ್ರಕ್ಕೆ ರೀಟ್ರೆಡ್ ಹಾಕುವಂತಿಲ್ಲ ಎಂಬ ಕಾನೂನಿದೆ. ನಮ್ಮ ಲಾರಿ ಡ್ರೈವರುಗಳು ಹೊಸ ಜೋಡಿಯನ್ನು ಮುಂದಕ್ಕೆ, ರಿಸೋಲನ್ನು ಹಿಂದಕ್ಕೆ ಹಾಕುವುದೂ ಅದೇ ಲೆಕ್ಕದಲ್ಲಿ. ಹಿಂದೆ ಜೋಡಿ ಚಕ್ರದಲ್ಲಿ ಒಂದು ಹೋದರೆ ಇನ್ನೊಂದು ಹಿಡಿಯುತ್ತದೆ. ಮುಂದಿನದು ಹೋದರೆ ಸ್ಟೇರಿಂಗೇ ಹೋಯಿತು. ಜೀಪಿಗೆ ಹಿಂದೆಯೂ ಜೋಡಿ ಇಲ್ಲ, ನೆನಪಿರಲಿ.

ಶಾಖದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಟೈರು ಪ್ರತಿ ಸುತ್ತಿಗೂ ನೆಲಕ್ಕೆ ತಾಗಿದಲ್ಲಿ ಅಮುಕಿ, ಬಿಟ್ಟಲ್ಲಿ ಎದ್ದು ನಿಲ್ಲುತ್ತದೆ. ಆ ಅಮುಕಾಟವೇ ಶಾಖವಾಗುತ್ತದೆ. ರಬ್ಬರು ಶಾಖವನ್ನು ಬೇಗ ಹೊರಗೆ ಬಿಡುವ ವಸ್ತುವಲ್ಲ. ಬಟನ್ ಟೈರಿನಲ್ಲಂತೂ ರಬ್ಬರ್ ದಪ್ಪ, ಗುಬುಟು ಒಂದೊಂದೂ ಟಾರಿನ ಮೇಲೆ ಬೇರೆಬೇರೆಯಾಗಿ ಅಲ್ಲಾಡುತ್ತದೆ. ಹವಾ ಕಡಿಮೆ ಇದ್ದು, ಲೋಡೂ ಇದ್ದು, ಗಂಟೆಗೆ 80 ಕಿಲೋಮೀಟರ್ ಓಡಿಸಿದರೆ ಹಳೇ ಬಾಡಿಗೂ ಹೊಸ ರಬ್ಬರಿಗೂ ನಡುವಿನ ಬೆಸುಗೆಯ ಜಾಗದಲ್ಲೇ ಶಾಖ ಕಟ್ಟಿಕೊಳ್ಳುತ್ತದೆ. ತೋಟದ ರಸ್ತೆಯಲ್ಲಿ 15, 20ರ ವೇಗ. ಎರಡನೇ ಗೇರು ದಾಟುವುದೇ ಅಪರೂಪ, ಮೇಲಿಂದ ಮಳೆಯ ತಂಪು. ಅಲ್ಲಿ ಇದೇ ಟೈರು ವರ್ಷಗಟ್ಟಲೆ ಬಾಳುತ್ತದೆ. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಪ್ರವಾಸಿಗಳನ್ನು ಹತ್ತಿಸುವ ಜೀಪುಗಳನ್ನು ನೋಡಿ: ಏರುವ ದಾರಿ ಕಲ್ಲು, ಕೊರಕಲು, ಆದರೆ ವೇಗ ನಡಿಗೆಗಿಂತ ಸ್ವಲ್ಪ ಜಾಸ್ತಿ ಅಷ್ಟೆ.

ಶನಿವಾರ ಬೆಳಗ್ಗೆ ಬೆಂಗಳೂರು ಬಿಟ್ಟು ಇನ್ನೂರು ಚಿಲ್ಲರೆ ಕಿಲೋಮೀಟರ್ ಹೆದ್ದಾರಿಯಲ್ಲಿ ಹಾರಿಸಿಕೊಂಡು ಬಂದು, ಮಧ್ಯಾಹ್ನ ನಮ್ಮೂರ ಕೆಸರಿಗೆ ಇಳಿಯುವ ಹುಡುಗರ ಪಾಡು ಬೇರೆ. ಅವರಿಗೆ ನನ್ನ ಕೋರಿಕೆ, ಇದರಲ್ಲಿ ದುಡ್ಡು ಉಳಿಸಬೇಡಿ. ಕೆಸರಿನಲ್ಲಿ ಹಿಡಿತ ಸಿಗಲೆಂದು ಹವಾ ಇಳಿಸುತ್ತೀರಿ, ವಾಪಸ್ ಹೋಗುವಾಗ ತುಂಬಿಸುವುದಕ್ಕೆ ಪಂಪ್ ಹುಡುಕುವ ವ್ಯವಧಾನ ಇರುವುದಿಲ್ಲ. ಒದ್ದೆ ಟಾರಿನ ಮೇಲೆ ಬ್ರೇಕ್ ಹೊಡೆದಾಗ ಬಟನ್ ಟೈರು, ಹೊಸದೇ ಆಗಲಿ ಹಳೇದೇ ಆಗಲಿ, ಮಾಮೂಲಿ ಟೈರಿನಷ್ಟು ಹಿಡಿಯುವುದಿಲ್ಲ. ನೆಲಕ್ಕೆ ತಾಗುವ ರಬ್ಬರೇ ಕಡಿಮೆ. ಚಾರ್ಮಾಡಿಯ ತಿರುವುಗಳಲ್ಲಿ ಆಷಾಢದ ಮಳೆಯಲ್ಲಿ ಇದು ಸಣ್ಣ ಮಾತಲ್ಲ.

ನಮ್ಮಲ್ಲಿ ಕೆಲವರು ಮಳೆಗಾಲದಲ್ಲಿ ಚಕ್ರಕ್ಕೆ ಕಬ್ಬಿಣದ ಚೈನ್ ಕಟ್ಟುತ್ತಾರೆ. ಚೈನ್ ಗುಬುಟಿನ ಬುಡವನ್ನು ಕಿತ್ತು ತಿನ್ನುತ್ತದೆ. ರೀಮೋಲ್ಡ್ ಹಾಕಿದವರು ಚೈನ್ ಬಿಚ್ಚಿದ ದಿನವೇ ಭುಜದ ಅಂಚನ್ನು ಸುತ್ತಲೂ ಉಗುರಿನಲ್ಲಿ ಎಬ್ಬಿ ನೋಡಬೇಕು. ಒಂದೇ ಕಡೆ ಉಗುರು ಒಳಗೆ ಹೋದರೂ ಆ ಟೈರನ್ನು ಟಾರಿಗೆ ಇಳಿಸಬಾರದು. ನೀರು ಒಳಗೆ ಹೊಕ್ಕು ರೇಡಿಯಲ್ಲಿನ ತಂತಿ ತುಕ್ಕು ಹಿಡಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ.

ಇನ್ನು ದುಡ್ಡಿನ ಲೆಕ್ಕ. ಹೊಸ ಟೈರಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ 28ರಿಂದ 18 ಪರ್ಸೆಂಟಿಗೆ ಇಳಿಯಿತು. ಅಷ್ಟರಮಟ್ಟಿಗೆ ಹೊಸದಕ್ಕೂ ರೀಮೋಲ್ಡಿಗೂ ಅಂತರ ಕಡಿಮೆಯಾಯಿತು. ಹಾಗಾಗಿ ಹಳೇ ನೆನಪಿನ ಬೆಲೆ ಇಟ್ಟುಕೊಂಡು ತೀರ್ಮಾನಿಸಬೇಡಿ. ಎರಡರ ಬೆಲೆಯನ್ನೂ ಆ ವಾರವೇ ಕೇಳಿ. ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಬಟನ್ ಬೇಕಾಗುವ, ಸೊಸೈಟಿಗೂ ಗೊಬ್ಬರದ ಅಂಗಡಿಗೂ ಮಾತ್ರ ಹೊರಗೆ ಹೋಗುವ ಗಾಡಿಗೆ ಹೊಸ ಬಟನ್ ಟೈರು ಹಾಕಿ ಟಾರಿನಲ್ಲಿ ಸವೆಸುವುದು ನಿಜವಾಗಿ ದಂಡ. ಸುಳ್ಯ, ಪುತ್ತೂರಿನ ಕಡೆ ರಬ್ಬರ್ ಮರಕ್ಕೆ ಗೀರು ಹಾಕಿ ಹಾಲು ಇಳಿಸುವುದನ್ನು ನೋಡಿದವರಿಗೆ, ಒಳ್ಳೇ ಬಾಡಿಯನ್ನು ತಿಪ್ಪೆಗೆ ಎಸೆಯಲು ಮನಸ್ಸು ಬಾರದು. ನನಗಂತೂ ಬರುವುದಿಲ್ಲ.

ಅಂಗಡಿಯಲ್ಲಿರುವುದನ್ನೇ ಕೊಳ್ಳಬೇಕಾಗಿ ಬಂದರೆ ಟೈರನ್ನು ನೆಲಕ್ಕೆ ಹಾಕಿಸಿ ಒಳಗೆ ಕೈ ಹಾಕಿ ನೋಡಿ, ಹೊರಗಿನ ಕರಿ ಪಾಲಿಶ್ ನೋಡಬೇಡಿ. ಒಳಗಿನ ಪ್ಯಾಚುಗಳು, ಸುಕ್ಕು, ಬೀಡಿನಲ್ಲಿ ತಂತಿ ಹೊರಗೆ ಇಣುಕಿದೆಯೇ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ತಾರೀಕು ಉಳಿದಿದ್ದರೆ ಓದಿ. ನೈಲಾನ್ ಬಾಡಿಯೋ ರೇಡಿಯಲ್ಲೋ ಕೇಳಿ, ಎರಡನ್ನೂ ಬೆರೆಸಿ ಹಾಕಬೇಡಿ. ಬಿಲ್ ಕೊಡದವರ ಹತ್ತಿರ ತಗೋಬೇಡಿ.

ಫೋರ್ ವೀಲ್ ಗಾಡಿಯವರು ಇನ್ನೊಂದು ನೋಡಲೇಬೇಕು. ಒಂದೇ ಸೈಜಿನ ನಂಬರ್ ಇದ್ದರೂ ಬೇರೆ ಬೇರೆ ಬಾಡಿ, ಬೇರೆ ಬೇರೆ ಅಚ್ಚಿನ ರೀಮೋಲ್ಡುಗಳ ಸುತ್ತಳತೆ ಒಂದೇ ಇರುವುದಿಲ್ಲ. ಹಳೇ ಜೀಪುಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್ ಒಂದೇ ವೇಗಕ್ಕೆ ಬಿಗಿದುಕೊಳ್ಳುತ್ತವೆ. ಟೈರಿನ ಸುತ್ತಳತೆ ಹೆಚ್ಚುಕಮ್ಮಿಯಾದರೆ ಆ ಎಳೆದಾಟವೆಲ್ಲ ಗೇರುಬಾಕ್ಸಿನ ಪಕ್ಕದ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ. ಕೆಸರಿನಲ್ಲಿ ಚಕ್ರ ಜಾರಿ ಸರಿಹೋಗುತ್ತದೆ, ಗಟ್ಟಿ ನೆಲದಲ್ಲಿ ಹಲ್ಲು ಮುರಿಯುತ್ತದೆ. ಟೈಲರ್ ಟೇಪ್ ಒಂದು ಜೇಬಿನಲ್ಲಿಟ್ಟುಕೊಂಡು ಹೋಗಿ, ನಾಲ್ಕನ್ನೂ ಸುತ್ತಳತೆ ಹಿಡಿದು ನೋಡಿಯೇ ದುಡ್ಡು ಎಣಿಸಿ. ಸ್ಟೆಪ್ನಿಯನ್ನೂ ಬಿಡಬೇಡಿ.