ಬತ್ತಿದ ಬಾಯಿ, ಬದುಕಿರುವ ಕೋಶಗಳು

ಒಂದು ತುತ್ತು ಒಣ ರೊಟ್ಟಿಯನ್ನು ನೀರಿನ ನೆರವಿಲ್ಲದೆ ನುಂಗಬಲ್ಲಿರಾ? ಷೋಗ್ರೆನ್ ಕಾಯಿಲೆಯ ಶಂಕೆ ಬಂದಾಗ ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಇಂಥದೂ ಒಂದು. ನಮ್ಮಲ್ಲಿ 'ಆಗದು' ಎಂದು ಉತ್ತರಿಸಬೇಕಾದ ಎಷ್ಟೋ ಮಹಿಳೆಯರನ್ನು ಯಾರೂ ಈ ಪ್ರಶ್ನೆ ಕೇಳಿರುವುದೇ ಇಲ್ಲ. ವಯಸ್ಸಾಯಿತು, ಮುಟ್ಟು ನಿಂತಿತು, ಬೇಸಿಗೆಯ ಧಗೆ ಎಂಬ ಸಮಾಧಾನಗಳು ಮನೆಯವರಿಂದಲೂ ಕೆಲವೊಮ್ಮೆ ವೈದ್ಯರಿಂದಲೂ ಸುಲಭವಾಗಿ ದೊರೆಯುತ್ತವೆ. ಈ ಕಾಯಿಲೆಗೆ ತುತ್ತಾಗುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಮಹಿಳೆಯರು ಎಂಬುದಕ್ಕೂ ಈ ಉಪೇಕ್ಷೆಗೂ ಸಂಬಂಧವಿಲ್ಲವೆಂದು ನಾನು ನಂಬಲಾರೆ.

ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಷೋಗ್ರೆನ್ 1933ರಲ್ಲಿ ತಮ್ಮ ಪ್ರಬಂಧದಲ್ಲಿ ಕಣ್ಣೀರು ಬತ್ತಿದ 19 ಮಹಿಳೆಯರನ್ನು ವಿವರಿಸಿದರು. ಅವರಲ್ಲಿ 13 ಮಂದಿಗೆ ಕೀಲುಬೇನೆಯೂ ಇತ್ತು. ಪ್ರಬಂಧಕ್ಕೆ ಅಂದು ತಕ್ಕ ಮನ್ನಣೆ ಸಿಗಲಿಲ್ಲ. 1943ರಲ್ಲಿ ಇಂಗ್ಲಿಷಿಗೆ ಅನುವಾದವಾದ ನಂತರವೇ ಹೊರಜಗತ್ತು ಅದರತ್ತ ತಿರುಗಿ ನೋಡಿತು.

ಬೇಲಿಯೇ ಎದ್ದು ಹೊಲ ಮೇಯುವ ಕಾಯಿಲೆ ಇದು. ಸೋಂಕಿನ ವಿರುದ್ಧ ಹೋರಾಡಬೇಕಾದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಲಾಲಾಗ್ರಂಥಿ ಮತ್ತು ಕಣ್ಣೀರಿನ ಗ್ರಂಥಿಗಳಿಗೆ ಮುತ್ತಿಗೆ ಹಾಕುತ್ತವೆ. ಅವು ಗ್ರಂಥಿಯ ಕೋಶಗಳನ್ನು ಕೊಲ್ಲುತ್ತವೆ, ಆದ್ದರಿಂದ ಬಾಯಿ ಒಣಗುತ್ತದೆ ಎಂಬುದು ಬಹುಕಾಲದ ವಿವರಣೆ. ಇಲ್ಲಿ ಹೇಳಲಾಗುವ ಸಾವು 'ಅಪೊಪ್ಟೋಸಿಸ್'. ಕೆರ್, ವೈಲಿ ಮತ್ತು ಕರಿ ಎಂಬ ವಿಜ್ಞಾನಿಗಳು 1972ರಲ್ಲಿ ಎಲೆ ಉದುರುವಿಕೆಯನ್ನು ಸೂಚಿಸುವ ಗ್ರೀಕ್ ಪದದಿಂದ ಈ ಹೆಸರನ್ನು ಪಡೆದರು. ಇದರಲ್ಲಿ ಕೋಶ ಸಿಡಿಯುವುದಿಲ್ಲ. ಕುಗ್ಗಿ, ತುಣುಕಾಗಿ, ನೆರೆಯ ಕೋಶಗಳಿಗೆ ಆಹಾರವಾಗುತ್ತದೆ. ಕೋಶದ ಮೇಲಿರುವ 'ಫಾಸ್' ಎಂಬ ಪ್ರೋಟೀನು ಈ ಸಾವಿನ ಗುಂಡಿಯಿದ್ದಂತೆ. 'ಬಿಸಿಎಲ್-2' ಎಂಬುದು ಸಾವನ್ನು ತಡೆಯುವ ಕಾವಲುಗಾರ. 1990ರ ದಶಕದ ಅಧ್ಯಯನಗಳಲ್ಲಿ ರೋಗಿಗಳ ಗ್ರಂಥಿಕೋಶಗಳ ಮೇಲೆ ಫಾಸ್ ಕಂಡುಬಂದಿತು, ಮುತ್ತಿಗೆ ಹಾಕಿದ ಲಿಂಫೋಸೈಟುಗಳಲ್ಲಿ ಬಿಸಿಎಲ್-2 ಹೇರಳವಾಗಿತ್ತು. ಬಾಳಬೇಕಾದವು ಅಳಿಯುತ್ತವೆ, ಅಳಿಯಬೇಕಾದವು ಬಾಳುತ್ತವೆ! ಹೀಗೆ ಉಳಿದು ವೃದ್ಧಿಸುವ ಕಣಗಳಿಂದ, ಶೇ 5ರಷ್ಟು ರೋಗಿಗಳಲ್ಲಿ, ಲಿಂಫೋಮಾ ಎಂಬ ಕ್ಯಾನ್ಸರ್ ಹುಟ್ಟುವುದೂ ಉಂಟು.

ಆದರೆ ಸೂಕ್ಷ್ಮದರ್ಶಕದಡಿ ಎಣಿಸಿದವರಿಗೆ ಲೆಕ್ಕ ಸರಿಹೊಂದಲಿಲ್ಲ. ಸಾಯುತ್ತಿರುವ ಗ್ರಂಥಿಕೋಶಗಳು ವಿರಳವಾಗಿಯೇ ಕಂಡವು. ಬಾಯಿ ಸಂಪೂರ್ಣ ಒಣಗಿದ ರೋಗಿಗಳಲ್ಲೂ ಗ್ರಂಥಿಯ ಬಹುಭಾಗ ಉಳಿದಿರುವುದುಂಟು. ಅರ್ಥಶಾಸ್ತ್ರ ಓದಿದ ನನ್ನಂಥವನಿಗೆ ಇದು ಪರಿಚಿತ ಸಂಗತಿ: ಉತ್ಪಾದನೆ ನಿಂತಿತೆಂದ ಮಾತ್ರಕ್ಕೆ ಕಾರ್ಖಾನೆ ನೆಲಸಮವಾಗಿದೆಯೆಂದಲ್ಲ, ವಿದ್ಯುತ್ ಕಡಿತವಾಗಿರಬಹುದು. ಗ್ರಂಥಿಗೆ ನರದ ಆದೇಶ ತಲುಪಿಸುವ 'ಎಂ3' ಗ್ರಾಹಕಗಳಿಗೆ ರೋಗಿಯ ಪ್ರತಿಕಾಯಗಳೇ ಅಡ್ಡಬರುತ್ತವೆ ಎಂಬುದಕ್ಕೆ ಪುರಾವೆಗಳಿವೆ. ನೀರು ಹಾಯಿಸುವ 'ಅಕ್ವಪೋರಿನ್-5' ಎಂಬ ತೂಬು ಕೋಶದೊಳಗೆ ತನ್ನ ಸ್ಥಾನ ತಪ್ಪಿರುವುದನ್ನೂ ಕೆಲವರು ಗುರುತಿಸಿದ್ದಾರೆ. ಅದೇ ಗ್ರಾಹಕವನ್ನು ಪ್ರಚೋದಿಸುವ ಪೈಲೋಕಾರ್ಪಿನ್ ಮಾತ್ರೆಗೆ ಅಮೆರಿಕದಲ್ಲಿ 1998ರಲ್ಲಿ ಈ ಕಾಯಿಲೆಗಾಗಿ ಅನುಮತಿ ದೊರೆಯಿತು. ಜೀವಂತ ಕೋಶಗಳಿಲ್ಲದಿದ್ದರೆ ಆ ಮಾತ್ರೆಯಿಂದ ಲಾಲಾರಸ ಬರುವಂತೆಯೇ ಇರಲಿಲ್ಲ.

ಹಾಗೆಂದು ಸಾವಿನ ಪಾತ್ರ ಗೌಣವೆನ್ನಲಾಗದು. ಕೋಶದೊಳಗೆ ಅಡಗಿರುವ 'ರೋ' ಮತ್ತು 'ಲಾ' ಎಂಬ ಪ್ರೋಟೀನುಗಳು ಅಪೊಪ್ಟೋಸಿಸ್ ಹೊತ್ತಿನಲ್ಲಿ ಅದರ ಹೊರಮೈಗೆ ಬರುತ್ತವೆ. ಅವುಗಳ ವಿರುದ್ಧದ ಪ್ರತಿಕಾಯಗಳೇ ಈ ಕಾಯಿಲೆಯ ಹೆಗ್ಗುರುತು. ಬೆರಳೆಣಿಕೆಯ ಸಾವುಗಳೂ ರೋಗನಿರೋಧಕ ವ್ಯವಸ್ಥೆಯನ್ನು ಕೆಣಕಲು ಸಾಕಾಗಬಹುದು.

ಈ ಪ್ರತಿಕಾಯಗಳು ಬಾಯಿಗಷ್ಟೇ ಸೀಮಿತವಲ್ಲ. ಗರ್ಭಿಣಿಯ ರಕ್ತದಿಂದ 'ರೋ' ಪ್ರತಿಕಾಯ ಭ್ರೂಣವನ್ನು ಸೇರುತ್ತದೆ; ಅಂಥ ಗರ್ಭಗಳಲ್ಲಿ ಶೇ 1ರಿಂದ 2ರಷ್ಟು ಶಿಶುಗಳ ಹೃದಯಬಡಿತದ ಸಂಪರ್ಕ ಕಡಿದುಹೋಗುತ್ತದೆ. ತಾಯಿಗೆ ಕಾಯಿಲೆಯ ಯಾವ ಲಕ್ಷಣವೂ ಇರದೆ, ಮಗುವಿನಿಂದಲೇ ಅದು ಪತ್ತೆಯಾಗುವುದೂ ಉಂಟು. ಮುಂಚೆಯೇ ತಿಳಿದಿದ್ದರೆ ಭ್ರೂಣದ ಹೃದಯದ ಮೇಲೆ ನಿಗಾ ಇಡಬಹುದು. ಹಿಂದೊಮ್ಮೆ ಮಗುವಿಗೆ ಹೀಗಾಗಿದ್ದ ತಾಯಂದಿರಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟರೆ ಮರುಕಳಿಸುವ ಸಂಭವ ತಗ್ಗುತ್ತದೆಂದು 2020ರ ಅಧ್ಯಯನವೊಂದು ತೋರಿಸಿದೆ. ಅಗ್ಗದ ಹಳೆಯ ಮಾತ್ರೆ ಅದು.

ಪ್ರಾಥಮಿಕ ಪರೀಕ್ಷೆಯೂ ದುಬಾರಿಯಲ್ಲ. ಹದಿನೈದು ನಿಮಿಷ ಸುಮ್ಮನೆ ಕುಳಿತು ಬಾಯಲ್ಲಿ ಊರಿದ ಲಾಲಾರಸವನ್ನು ಬಟ್ಟಲಿಗೆ ಬಿಡಬೇಕು, 1.5 ಮಿಲಿಲೀಟರ್ ದಾಟದಿದ್ದರೆ ಮುಂದಿನ ತಪಾಸಣೆಗೆ ಕಾರಣವಿದೆ. ಬೇಕಾದುದು ಅಳತೆಯ ಬಟ್ಟಲು ಮತ್ತು ಗಡಿಯಾರ. ಇದನ್ನು ಮೊದಲು ಮಾಡಬೇಕಾದವರು ದಂತವೈದ್ಯರೆಂದು ನನ್ನ ಅಭಿಪ್ರಾಯ. ಲಾಲಾರಸ ಬತ್ತಿದ ಬಾಯಲ್ಲಿ ಒಸಡಿನ ಅಂಚಿನುದ್ದಕ್ಕೂ ಹಲ್ಲುಗಳು ಒಂದರ ಹಿಂದೊಂದು ಹುಳುಕಾಗುತ್ತವೆ. ಅವನ್ನು ತುಂಬಿಸಿಕೊಳ್ಳಲು ಆಕೆ ಮತ್ತೆ ಮತ್ತೆ ಬರುವುದು ಅವರ ಕುರ್ಚಿಗೇ.