2024ಕ್ಕೆ ಬಿದ್ದ ಅಧಿಕಾರಿಗಳು

‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಧಾರಾವಾಹಿಯ ‘ಪಾಸ್ಟ್ ಟೆನ್ಸ್’ ಎಂಬ ಎರಡು ಭಾಗಗಳ ಕಥೆ 1995ರ ಜನವರಿಯಲ್ಲಿ ಅಮೆರಿಕದಲ್ಲಿ ಪ್ರಸಾರವಾಯಿತು. ಸಭೆಯೊಂದಕ್ಕೆಂದು ಭೂಮಿಗೆ ಬಂದ ಡಿಫೈಯಂಟ್ ನೌಕೆಯಿಂದ ಕಮಾಂಡರ್ ಸಿಸ್ಕೊ, ವೈದ್ಯ ಬಶೀರ್ ಮತ್ತು ಅಧಿಕಾರಿ ಡ್ಯಾಕ್ಸ್, ಜನರನ್ನು ಕ್ಷಣದಲ್ಲಿ ಬೇರೆಡೆಗೆ ಕಳಿಸುವ ಟ್ರಾನ್ಸ್‌ಪೋರ್ಟರ್ ಯಂತ್ರದ ಮೂಲಕ ಸ್ಯಾನ್ ಫ್ರಾನ್ಸಿಸ್ಕೊಗೆ ಇಳಿಯಬೇಕು. ಅವರಿಗದು ನಿತ್ಯದ ಕೆಲಸ. ಆದರೆ ಮೂವರೂ ಮಧ್ಯದಲ್ಲೇ ಕಾಣೆಯಾಗುತ್ತಾರೆ. ಕ್ರೊನಿಟಾನ್ ಎಂಬ ಕಾಲ್ಪನಿಕ ಕಣಗಳು ಅವರನ್ನು 24ನೇ ಶತಮಾನದಿಂದ 2024ಕ್ಕೆ ಎಸೆದಿರುತ್ತವೆ. ಈ ವಿಜ್ಞಾನ ಬರೀ ನೆಪ. ಕಥೆಯ ತಿರುಳು ಬೇರೆ.

ಗುರುತಿನ ಚೀಟಿಯಿಲ್ಲದ ಸಿಸ್ಕೊ, ಬಶೀರ್ ಇಬ್ಬರೂ ಕಾವಲಿನವರ ಕೈಗೆ ಸಿಕ್ಕು, ನಿರುದ್ಯೋಗಿಗಳನ್ನೂ ಸೂರಿಲ್ಲದವರನ್ನೂ ಗೋಡೆಯೊಳಗೆ ಕೂಡಿಟ್ಟ ‘ಸ್ಯಾಂಕ್ಚುವರಿ ಡಿಸ್ಟ್ರಿಕ್ಟ್’ ಸೇರುತ್ತಾರೆ. ಡ್ಯಾಕ್ಸ್‌ಗೆ ಮಾತ್ರ ಶ್ರೀಮಂತ ಉದ್ಯಮಿಯೊಬ್ಬನ ಆತಿಥ್ಯ. ಅವಳದು ಬಿಳಿ ಮೈಬಣ್ಣ, ಅವರಿಬ್ಬರದಲ್ಲ ಎಂಬುದು ನೋಡುಗರ ಕಣ್ಣಿಗೆ ಬೀಳದೆ ಇರದು. ಆ ಡಿಸ್ಟ್ರಿಕ್ಟ್‌ನಲ್ಲಿ ಮುಂದೆ ನಡೆಯಲಿದ್ದ ದಂಗೆಯಲ್ಲಿ ಒತ್ತೆಯಾಳುಗಳನ್ನು ಉಳಿಸಿ ಇತಿಹಾಸದ ದಿಕ್ಕು ಬದಲಿಸಬೇಕಿದ್ದ ಗೇಬ್ರಿಯಲ್ ಬೆಲ್, ಸಿಸ್ಕೊ, ಬಶೀರ್ ಅವರ ನೆರವಿಗೆ ಬಂದು ಮೊದಲೇ ಸಾಯುತ್ತಾನೆ. ಭವಿಷ್ಯ ಅಳಿಸಿಹೋಗದಂತೆ ಸಿಸ್ಕೊ ಆ ಹೆಸರಿನಲ್ಲೇ ದಂಗೆಯ ನಡುವೆ ನಿಲ್ಲುತ್ತಾನೆ.

ಕಥೆ ಪೂರ್ತಿ ಕಲ್ಪನೆಯೇನಲ್ಲ. ಚಿತ್ರೀಕರಣದ ದಿನಗಳಲ್ಲೇ ಲಾಸ್ ಏಂಜಲೀಸ್‌ನಲ್ಲಿ ಸೂರಿಲ್ಲದವರಿಗೆ ಬೇಲಿ ಹಾಕಿದ ಪ್ರತ್ಯೇಕ ಜಾಗ ಮಾಡುವ ಪ್ರಸ್ತಾಪ ಪತ್ರಿಕೆಯಲ್ಲಿ ಬಂದಿತ್ತು.